ಪಾರ್ಕಿಂಗ್ ಲಾಟಿನಲ್ಲಿ ತೀರಿದ ಬಯಕೆ

ಅದು ಕೊರೊನಾದ ಎರಡನೆಯ ವರ್ಷ, 2021ರ ಅಕ್ಟೋಬರ್. ನಾನಾಗ ನಾಲ್ಕು ತಿಂಗಳ ಬಸುರಿ. ಮೇರಿಲ್ಯಾಂಡಿನ ಜರ್ಮನ್‌ಟೌನ್‌ನಲ್ಲಿ, ಹೆದ್ದಾರಿಯ ಸದ್ದು ಸದಾ ಕೇಳಿಸುವ ಒಂದು ಅಪಾರ್ಟ್‌ಮೆಂಟಿನಲ್ಲಿ ನಾನೂ ನನ್ನ ಗಂಡ ಮಹಾಂತೇಶನೂ ಇದ್ದೆವು. ಇಬ್ಬರೂ ಹುಬ್ಬಳ್ಳಿಯಲ್ಲಿ ಒಂದೇ ಕಾಲೇಜಿನಲ್ಲಿ ಓದಿದವರು. ನಾನು ಇಲ್ಲಿ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಆದರೆ ಆಗ ಕೆಲಸದ ಮಾತಿರಲಿ, ಹಾಸಿಗೆಯಿಂದ ಬಚ್ಚಲಿಗೆ ಹೋಗಿ ಬರುವುದೇ ನನಗೆ ದೊಡ್ಡ ಪ್ರಯಾಣವಾಗಿತ್ತು.

ಏನು ತಿಂದರೂ ವಾಂತಿ. ನೀರು ಕುಡಿದರೂ ವಾಂತಿ. "ಮೂರು ತಿಂಗಳು ಕಳೀಲಿ, ತಾನೇ ಸರಿಹೋಗುತ್ತೆ" ಎಂದು ಫೋನಿನಲ್ಲಿ ಉಪದೇಶ ಮಾಡಿದವರಿಗೆ ಲೆಕ್ಕವಿಲ್ಲ. ಮೂರು ತಿಂಗಳು ಕಳೆದವು, ಏನೂ ಸರಿಹೋಗಲಿಲ್ಲ. ಒಗ್ಗರಣೆಯ ವಾಸನೆ ಬಂದರೆ ಸಾಕು, ಕರುಳೇ ಕಿತ್ತು ಬಂದಂತಾಗುತ್ತಿತ್ತು. ಮಹಾಂತೇಶ ಪಾಪ, ಮನೆಯಲ್ಲಿ ಅಡುಗೆ ಮಾಡುವುದನ್ನೇ ಬಿಟ್ಟು, ಹೊರಗಿನಿಂದ ಏನೋ ತಂದುಕೊಂಡು ಬಾಲ್ಕನಿಯಲ್ಲಿ ನಿಂತು ತಿನ್ನುತ್ತಿದ್ದ. ಗಾಜಿನ ಬಾಗಿಲಿನಾಚೆ ಅವನು ಕಳ್ಳನ ಹಾಗೆ ಅಗಿಯುವುದನ್ನು ನೋಡಿ ನನಗೆ ನಗುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಅವ್ವ ಗದಗಿನಲ್ಲಿ. ಬರಲು ತುದಿಗಾಲಿನಲ್ಲಿ ನಿಂತಿದ್ದಳು, ಆದರೆ ವೀಸಾ ಇಂಟರ್‌ವ್ಯೂ ಸಿಗುತ್ತಲೇ ಇರಲಿಲ್ಲ. ದಿನಾ ವಿಡಿಯೊ ಕಾಲ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಇವತ್ತರ ಏನರೆ ತಿನಬೇಕು ಅನಸ್ತೇನವ್ವಾ?"

"ಏನೂ ಇಲ್ಲ ಬೇ."

"ಬಸರಿ ಹೆಣಮಗಳಿಗೆ ಬಯಕೀನ ಇಲ್ಲಂದ್ರ ಹೆಂಗ? ನೀ ಹೊಟ್ಟ್ಯಾಗಿದ್ದಾಗ ನಾ ಹುಣಸಿಕಾಯಿ ಅಂತ ಓಣಿಯೆಲ್ಲಾ ತಿರಗೇನಿ."

ನಮ್ಮ ಕಡೆ ಬಸುರಿಯ ಬಯಕೆಯನ್ನು ತೀರಿಸಲೇಬೇಕು. ಇಲ್ಲದಿದ್ದರೆ ಹುಟ್ಟುವ ಮಗುವಿಗೆ ಕಿವಿ ಸೋರುತ್ತದೆ ಎನ್ನುತ್ತಾರೆ. ಆದರೆ ಬಯಕೆಯೇ ಇಲ್ಲದವಳಿಗೆ ಏನನ್ನು ತೀರಿಸುವುದು? ಅವ್ವನ ಮುಖದಲ್ಲಿ ಹೆದರಿಕೆ ಕಾಣುತ್ತಿತ್ತು. ನಾನು ಅದಕ್ಕಿಂತ ಹೆಚ್ಚು ಹೆದರಿದ್ದೆ, ಯಾರಿಗೂ ಹೇಳಿರಲಿಲ್ಲ ಅಷ್ಟೆ.

ಒಂದು ಶನಿವಾರ ಬೆಳಿಗ್ಗೆ ಕ್ಲಿನಿಕ್‌ನಲ್ಲಿ ಸಲೈನ್ ಹಾಕಿ ಮಲಗಿಸಿದರು. ಡಾಕ್ಟರ್ ನನ್ನ ತೂಕ ನೋಡಿ, "ಸೋಮವಾರದ ಹೊತ್ತಿಗೆ ಸ್ವಲ್ಪವಾದರೂ ಆಹಾರ ಹೊಟ್ಟೆಯಲ್ಲಿ ನಿಲ್ಲಬೇಕು. ಇಲ್ಲದಿದ್ದರೆ ಅಡ್ಮಿಟ್ ಮಾಡಲೇಬೇಕಾಗುತ್ತದೆ. ಮಗುವಿಗೂ ಸಾಲುತ್ತಿಲ್ಲ" ಎಂದರು. ಕೊನೆಯ ಮಾತನ್ನು ಅವರು ಮೆಲ್ಲಗೇ ಹೇಳಿದರು. ಆದರೆ ನನ್ನ ಕಿವಿಯಲ್ಲಿ ಅದೊಂದೇ ಉಳಿಯಿತು.

ಮನೆಗೆ ಹೊರಟೆವು. ಕಾರಿನ ವಾಸನೆಗೂ ಹೊಟ್ಟೆ ತೊಳೆಸುತ್ತಿದ್ದರಿಂದ ಕಿಟಕಿ ಪೂರ್ತಿ ಇಳಿಸಿದ್ದೆ. ರಸ್ತೆಯ ಎರಡೂ ಕಡೆ ಮರಗಳು ಹಳದಿ ಕೆಂಪಾಗಿ ನಿಂತಿದ್ದವು. ಬಿಸಿಲು ಎಲೆಗಳ ನಡುವಿನಿಂದ ಮುಖದ ಮೇಲೆ ಬಿದ್ದು ಹೋಗುತ್ತಿತ್ತು, ಬಿದ್ದು ಹೋಗುತ್ತಿತ್ತು. ನಾನು ಎಚ್ಚರವೂ ಅಲ್ಲದ, ನಿದ್ದೆಯೂ ಅಲ್ಲದ ಒಂದು ಮಂಪರಿನಲ್ಲಿದ್ದೆ. ಒಂದು ಸಿಗ್ನಲ್‌ನಲ್ಲಿ ಕಾರು ನಿಂತಾಗ ಎಲ್ಲಿಂದಲೋ ಒಂದು ಪರಿಮಳ ತೇಲಿ ಬಂತು. ಅಂಬೆಮೋಹರ ಅಕ್ಕಿ ಕುದಿಯುವಾಗ ಬರುತ್ತದಲ್ಲ, ಅಂಥದ್ದು. ಅದರ ಹಿಂದೆಯೇ ಹಸಿ ಕೊಬ್ಬರಿ, ಬೆಲ್ಲ, ಹಬೆ. ನನ್ನ ಬಾಯಲ್ಲಿ ನೀರೂರಿತು. ಎಷ್ಟೋ ವಾರಗಳ ಮೇಲೆ ಅದು ವಾಂತಿಯ ನೀರಾಗಿರಲಿಲ್ಲ.

"ಗಾಡಿ ನಿಲ್ಲಸು!" ಎಂದೆ.

ಮಹಾಂತೇಶ ಗಾಬರಿಯಾದ. "ತಡಿ, ತಡಿ, ಸಿಗ್ನಲ್ ದಾಟಿ ಪುಲ್ ಓವರ್ ಮಾಡ್ತೀನಿ. ಕವರ್ ಹಿಡ್ಕೊ."

"ವಾಂತಿ ಅಲ್ಲೋ ಮಾರಾಯಾ! ಏನೋ ವಾಸನಿ ಬರಾಕತ್ತೇತಿ."

"ಡ್ರೈನೇಜ್ ಇರಬೇಕ."

"ನಿನ್ನ ತಲಿ! ತಿನ್ನೋದರ ವಾಸನಿ. ಏನೋ ಛಲೋದು."

ಅವನು ತಿರುಗಿ ನನ್ನನ್ನು ನೋಡಿದ ರೀತಿಯನ್ನು ನಾನು ಮರೆತಿಲ್ಲ. ಸಿಗ್ನಲ್ ಬಿಟ್ಟದ್ದೇ ಕಾರನ್ನು ಬಲಕ್ಕೆ ತಿರುಗಿಸಿದ.

ಮುಚ್ಚಿಹೋದ ಒಂದು ಫರ್ನಿಚರ್ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಶನಿವಾರದ ಸಣ್ಣ ಸಂತೆ ನಡೆದು ಮುಗಿಯುತ್ತಾ ಬಂದಿತ್ತು. ಕುಂಬಳಕಾಯಿ ಮಾರುವವರು ಟ್ರಕ್ಕಿಗೆ ಸಾಮಾನು ತುಂಬುತ್ತಿದ್ದರು. ಕೊನೆಯಲ್ಲಿದ್ದ ಬಿಳಿ ಟೆಂಟಿನ ಕೆಳಗೆ ತಲೆಗೆ ತಿಳಿ ನೇರಳೆ ವಸ್ತ್ರ ಸುತ್ತಿಕೊಂಡಿದ್ದ ಒಬ್ಬ ಹೆಂಗಸು ಮೇಜಿನ ಬಟ್ಟೆ ಮಡಚುತ್ತಿದ್ದರು. ಐವತ್ತರ ಆಸುಪಾಸು. ಪಕ್ಕದಲ್ಲಿ ಹಬೆಯ ಪಾತ್ರೆ ಇನ್ನೂ ಸಣ್ಣಗೆ ಉಸಿರಾಡುತ್ತಿತ್ತು. ಮಲಯ ತಿಂಡಿಗಳು ಎಂದು ಇಂಗ್ಲಿಷಿನಲ್ಲಿ ಬರೆದ ಒಂದು ರಟ್ಟು ಮೇಜಿಗೆ ಒರಗಿತ್ತು. ಮೇಜಿನ ಮೇಲೆ ಆರಲೆಂದು ತೆರೆದಿಟ್ಟ ಮೂರು ಡಬ್ಬಿಗಳು.

ಒಂದು ಡಬ್ಬಿಯೊಳಗೆ ನೋಡಿದೆ. ಗೋಲಿಗಿಂತ ಕೊಂಚ ದೊಡ್ಡವಾದ ಹಸಿರು ಉಂಡೆಗಳು, ಮೈತುಂಬಾ ಬಿಳಿ ಕೊಬ್ಬರಿತುರಿ. ಪಕ್ಕದಲ್ಲಿ ಗುಲಾಬಿ, ಬಿಳಿ, ಗುಲಾಬಿ, ಬಿಳಿ ಎಂದು ಪದರಪದರವಾಗಿ ನಡುಗುವ ತುಂಡುಗಳು. ಇನ್ನೊಂದು ಸಾಲಿನಲ್ಲಿ ಕೆಳಗೆ ಅನ್ನ, ಮೇಲೆ ಹಸಿರು ಕೆನೆಯಂಥದ್ದು. ನನಗೆ ಅವು ಕನಸಿನಲ್ಲಿ ಯಾರೋ ಹರಡಿಟ್ಟ ಹಾಗೆ ಕಂಡವು.

ನಾನು ಮಹಾಂತೇಶನ ತೋಳು ಚಿವುಟಿದೆ. ಅವನು ಮಾಸ್ಕ್ ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಕೇಳಿದ: "ಇವು ಮಾರೋದಕ್ಕಾ?"

"ಅಯ್ಯೋ, ಸಾರಿ. ಮಾರೋದು ಎಲ್ಲ ಮುಗೀತು. ಇವು ಬೇರೆಯವರಿಗೆ ಅಂತ ಮಾಡಿದ್ದು" ಎಂದರು ಆಕೆ. ನಂತರ ನನ್ನ ಮುಖ ನೋಡಿ ಒಂದು ಡಬ್ಬಿಯನ್ನು ನಮ್ಮತ್ತ ಸರಿಸಿದರು. "ಪರವಾಗಿಲ್ಲ, ಒಂದೊಂದು ರುಚಿ ನೋಡಿ."

ಆಗ ನನ್ನ ಗಂಡ ಏನೆಂದ ಗೊತ್ತೇ? "ನೋ ನೋ, ಥ್ಯಾಂಕ್ ಯೂ. ಈಗಷ್ಟೇ ಊಟ ಆಯ್ತು."

ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಯಾರಾದರೂ ತಿನ್ನಲು ಕೊಟ್ಟರೆ ಮೊದಲ ಸಲ "ಬ್ಯಾಡ್ರಿ, ಈಗರ ಊಟ ಆತು" ಅನ್ನಲೇಬೇಕು. ಅವರು "ಏ, ಹಂಗಂದ್ರ ಹೆಂಗ್ರಿ" ಎಂದು ಇನ್ನೊಮ್ಮೆ ಒತ್ತಾಯ ಮಾಡಬೇಕು. ಆಗ "ಸ್ವಲ್ಪ ಹಾಕ್ರಿ" ಎಂದು ತಾಟು ಮುಂದೆ ಹಿಡಿಯಬೇಕು. ಹಸಿದು ಸಾಯುತ್ತಿದ್ದರೂ ಈ ಉಪಚಾರ ತಪ್ಪುವಂತಿಲ್ಲ. ಆದರೆ ಈ ದೇಶದಲ್ಲಿ ಯಾರೂ ಎರಡನೆಯ ಸಲ ಕೇಳುವುದಿಲ್ಲ. ಇಲ್ಲಿ ವರ್ಷಗಟ್ಟಲೆ ಇದ್ದು ಆಕೆಗೂ ಅದೇ ಅಭ್ಯಾಸವಾಗಿರಬೇಕು. "ಓಕೆ" ಎಂದು ನಕ್ಕು, ಡಬ್ಬಿಯ ಮುಚ್ಚಳ ಹಾಕಿಬಿಟ್ಟರು.

ನಾನಾದರೂ ಬಾಯಿ ಬಿಡಬಹುದಿತ್ತಲ್ಲ? ಬರಲಿಲ್ಲ. ನಾನೂ ಅದೇ ಮನೆಗಳಲ್ಲಿ ಬೆಳೆದವಳು. ಬೇರೆಯವರಿಗೆ ಎಂದು ಇಟ್ಟಿದ್ದನ್ನು ಕೊಡಿ ಎಂದು ಹೇಗೆ ಕೇಳುವುದು? ಬಸುರಿ ಎಂದು ಹೇಳೋಣವೆಂದರೆ, ಐದು ತುಂಬುವವರೆಗೆ ಹೊರಗಿನವರ ಮುಂದೆ ಹೇಳಬೇಡ ಎಂದು ಅವ್ವನ ಕಟ್ಟಪ್ಪಣೆ, ದೃಷ್ಟಿಯಾಗುತ್ತದಂತೆ. ಸುಮ್ಮನೆ ತಿರುಗಿ ನಡೆದೆ. ಕಾರಿನವರೆಗೂ ಹೋಗಲಾಗಲಿಲ್ಲ. ಪಾರ್ಕಿಂಗ್ ಗೆರೆಯ ತುದಿಯಲ್ಲಿದ್ದ ಸಿಮೆಂಟಿನ ದಿಂಡಿನ ಮೇಲೆ ಕುಸಿದು ಕೂತು, ಚಿಕ್ಕ ಮಕ್ಕಳ ಹಾಗೆ ಅಳತೊಡಗಿದೆ.

"ಊಟ ಆಗೇತಂತ! ಯಾರದು ಊಟ ಆಗೇತಿ? ನಾ ಊಟ ಮಾಡಿ ಎಷ್ಟ ದಿನ ಆತು ಹೇಳು! ನಿನ್ನ ಉಪಚಾರಕ್ಕಿಷ್ಟು ಬೆಂಕಿ ಹಾಕ!"

"ಬಾಯಾಗ ತಾನ ಬಂದ್ಬಿಡ್ತ ನೋಡು... ಹೋಗಿ ಕೇಳ್ಲೇನು ಈಗ?" ಅವನಿಗೂ ಅಳು ಬರುವಂತಿತ್ತು.

"ಬ್ಯಾಡ! ಇನ್ನ ಏನಂತ ಕೇಳ್ತಿ?"

ನಮ್ಮ ಜಗಳ ಕೇಳಿ ಆಕೆ ಬಂದರು. ಭಾಷೆ ಗೊತ್ತಿಲ್ಲದಿದ್ದರೂ ನನ್ನ ಕೈ ಎಲ್ಲಿದೆ ಎಂದು ನೋಡಿದರು. ಅದು ಹೊಟ್ಟೆಯ ಮೇಲಿತ್ತು. "ಎಷ್ಟು ತಿಂಗಳು?" ಎಂದು ಮೆಲ್ಲಗೆ ಕೇಳಿದರು. ಅವ್ವನ ಅಪ್ಪಣೆ ಆ ಕ್ಷಣದಲ್ಲಿ ಎಲ್ಲಿ ಹೋಯಿತೋ, ನಾಲ್ಕು ಬೆರಳು ತೋರಿಸಿದೆ. ಅಳುತ್ತಲೇ ಎಲ್ಲವನ್ನೂ ಹೇಳಿದೆ. ಏನೂ ನಿಲ್ಲುತ್ತಿಲ್ಲ, ಸೋಮವಾರ ಆಸ್ಪತ್ರೆ, ಇವತ್ತು ಮೊದಲ ಸಲ ಬೇಕು ಅನ್ನಿಸಿತು.

ಆಕೆ ಓಡಿದರು ಎಂದೇ ಹೇಳಬೇಕು. ಡಬ್ಬಿ ತಂದು, ನನ್ನೆದುರು ನೆಲದ ಮೇಲೇ ಕೂತು, ಮುಚ್ಚಳ ತೆಗೆದರು. "ನಮ್ಮ ಕಡೆ ಬಸುರಿ ಆಸೆಪಟ್ಟಿದ್ದನ್ನು ಕೊಡಲೇಬೇಕು. ಕೊಡದಿದ್ದರೆ ಹುಟ್ಟೋ ಮಗು ಸದಾ ಜೊಲ್ಲು ಸುರಿಸುತ್ತೆ."

"ನಮ್ಮ ಕಡೆ ಕಿವಿ ಸೋರುತ್ತೆ" ಎಂದೆ, ಮೂಗು ಒರೆಸಿಕೊಳ್ಳುತ್ತಾ.

ಆಕೆ ಒಂದು ಕ್ಷಣ ಯೋಚಿಸಿದರು. "ಜೊಲ್ಲೂ ಸುರಿದು ಕಿವಿಯೂ ಸೋರಿದರೆ ಆ ಮಗುವಿನ ಗತಿ ಏನು? ತಿನ್ನು, ತಿನ್ನು!"

ನಾವು ಮೊಟ್ಟೆ ತಿನ್ನುವುದಿಲ್ಲ ಎಂದಾಗ ಕೆನೆಯ ತಿಂಡಿಯನ್ನು ಬದಿಗೆ ಸರಿಸಿ, ಉಳಿದೆರಡರಲ್ಲಿ ಇಲ್ಲ ಎಂದರು. ನಾನು ಹಸಿರು ಉಂಡೆಯನ್ನು ತೆಗೆದುಕೊಂಡು ಎರಡು ಬೆರಳಲ್ಲಿ ಮುರಿಯಹೋದೆ. ಅರ್ಧ ಮಹಾಂತೇಶನಿಗೆ ಕೊಡಬೇಕು, ಕಚ್ಚಿದರೆ ಎಂಜಲು. ಆಕೆ ತಟ್ಟನೆ ನನ್ನ ಕೈ ಹಿಡಿದರು. "ಮುರೀಬೇಡ. ಇಡಿಯಾಗಿ ಬಾಯಿಗೆ ಹಾಕಿ, ಬಾಯಿ ಮುಚ್ಚು. ಆಮೇಲೆ ಕಚ್ಚು."

ಹಾಗೇ ಮಾಡಿದೆ. ಮೆತ್ತಗಿನ ಹಿಟ್ಟು ಹಲ್ಲಿಗೆ ತಾಗಿತು, ಮರುಕ್ಷಣ ಒಳಗಿದ್ದ ಕರಗಿದ ಬೆಲ್ಲ ಒಡೆದು ಬಾಯಿತುಂಬಾ ಹರಿಯಿತು. ತಾಳೆಬೆಲ್ಲ, ಕೊಂಚ ಹೊಗೆಯ ರುಚಿ. ಕೊಬ್ಬರಿಯಲ್ಲಿ ಚಿಟಿಕೆ ಉಪ್ಪು. ನಮ್ಮ ಕಡುಬೇ ಎಲ್ಲೋ ದೂರದ ಸಮುದ್ರದಾಚೆ ಹೋಗಿ, ಚಿಕ್ಕದಾಗಿ, ಹಸಿರಾಗಿ ತಿರುಗಿ ಬಂದಂತಿತ್ತು. ನುಂಗಿದೆ. ನುಂಗಿ ಕಣ್ಣು ಮುಚ್ಚಿದೆ.

ಮೂವರೂ ಕಾದೆವು. ಮಹಾಂತೇಶ ವಾಂತಿಯ ಕವರನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದು ನಿಂತಿದ್ದ. ಮೇಪಲ್ ಎಲೆಯೊಂದು ನಿಧಾನವಾಗಿ ಇಳಿದು ಆ ಕವರಿನೊಳಗೇ ಬಿತ್ತು. ಏನೂ ಆಗಲಿಲ್ಲ. ಹೊಟ್ಟೆ ತಣ್ಣಗೆ, ಸುಮ್ಮನೆ ಇತ್ತು.

"ಇನ್ನೊಂದು" ಎಂದೆ.

ಆಮೇಲಿನ ಹೊತ್ತು ನನಗೆ ನೆನಪಿರುವುದು ಕನಸಿನ ಹಾಗೆ. ಹಸಿರು ಉಂಡೆಗೆ ಬುವಾ ಮೆಲಾಕಾ ಎನ್ನುತ್ತಾರಂತೆ. ಅದರ ಪರಿಮಳ ಪಾಂಡಾನ್ ಎಲೆಯದಂತೆ, ನಮ್ಮ ಕೇದಗೆಯ ಸಂಬಂಧಿ. ಪದರದ ತಿಂಡಿಯನ್ನು ಕಚ್ಚಬಾರದು, ಒಂದೊಂದೇ ಪದರ ಸುಲಿದು ತಿನ್ನಬೇಕು, ಮಕ್ಕಳೆಲ್ಲ ಹಾಗೇ ತಿನ್ನುವುದು ಎಂದರು. ನಾನು ಗುಲಾಬಿ ಪದರ ಸುಲಿದೆ, ಬಿಳಿ ಪದರ ಸುಲಿದೆ. ಬಿಸಿಲು ಬೆನ್ನಿಗೆ ಹಿತವಾಗಿತ್ತು. ಹೆದ್ದಾರಿಯ ಸದ್ದು ಹೊಳೆಯ ಸದ್ದಿನ ಹಾಗೆ ಕೇಳುತ್ತಿತ್ತು. ಆಕೆಯ ಹೆಸರು ಯಾತಿ. ಅವರ ಮಲಯ ಭಾಷೆಯಲ್ಲಿ ಅಕ್ಕನಿಗೆ ಕಾಕ್ ಎನ್ನುವುದರಿಂದ ಅಂದಿನಿಂದ ನಮಗೆ ಆಕೆ ಕಾಕ್ ಯಾತಿ.

ಹೊರಡುವಾಗ ಆಕೆ ಇಡೀ ಡಬ್ಬಿಯನ್ನು ನನ್ನ ಮಡಿಲಿಗೆ ಹಾಕಿದರು. ಮಹಾಂತೇಶ "ನೋ ನೋ" ಎಂದು ಶುರುಮಾಡಿದವನು ನನ್ನ ಮುಖ ನೋಡಿ ಗಕ್ಕನೆ ನಿಲ್ಲಿಸಿ, ಎರಡೂ ಕೈ ಮುಗಿದು ಥ್ಯಾಂಕ್ಸ್ ಹೇಳಿದ.

ಸೋಮವಾರ ಆಸ್ಪತ್ರೆಗೆ ಸೇರಬೇಕಾಗಲಿಲ್ಲ. ಆ ಉಂಡೆಗಳ ಹಿಂದೆ ಗಂಜಿ ನಿಂತಿತು, ಗಂಜಿಯ ಹಿಂದೆ ಮಜ್ಜಿಗೆ ಅನ್ನ. ಚಳಿ ಬಂದು ಸಂತೆ ಮುಚ್ಚುವವರೆಗೆ ಪ್ರತಿ ಶನಿವಾರ ನಮ್ಮ ಡಬ್ಬಿ ಕಾದಿರುತ್ತಿತ್ತು.

ಏಳನೆಯ ತಿಂಗಳಲ್ಲಿ ಮನೆಯಲ್ಲೇ ಸಣ್ಣದಾಗಿ ಕುಬಸ ಮಾಡಿದೆವು. ತವರಿನವರು ಬಂದು ಹಸಿರು ಸೀರೆ ಉಡಿಸಿ, ಮಣೆಯ ಮೇಲೆ ಕೂರಿಸಿ, ಉಡಿ ತುಂಬಿ, ಬಾಯಿಗೆ ಸಿಹಿ ಇಡುವ ಶಾಸ್ತ್ರ. ನನ್ನ ತವರು ಫೋನಿನೊಳಗಿತ್ತು. ಅಕ್ಕಿ ಡಬ್ಬಿಗೆ ಫೋನ್ ಒರಗಿಸಿದ್ದೆವು, ಅದರಲ್ಲಿ ಅವ್ವ. ಕಾಕ್ ಯಾತಿ ಒಂದು ತಟ್ಟೆ ತುಂಬಾ ಬುವಾ ಮೆಲಾಕಾ ಮಾಡಿ ತಂದಿದ್ದರು. ಅವ್ವ ಮಾಡಬೇಕಾಗಿದ್ದನ್ನು ಅವರೇ ಮಾಡಿದರು, ಮೊದಲ ಉಂಡೆ ನನ್ನ ಬಾಯಿಗಿಟ್ಟರು. ನಾನು ನಗುತ್ತಾ ಕೇಳಿದೆ: "ಅಂದಿನ ಡಬ್ಬಿ ಯಾರಿಗೆ ಅಂತ ಮಾಡಿದ್ದಿರಿ ಕಾಕ್? ಅವರು ಬೈಯಲಿಲ್ಲವಾ?"

ಕಾಕ್ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟರು. "ನನ್ನ ಅಮ್ಮನ ಹೆಸರಲ್ಲಿ ಮಾಡಿದ್ದು. ಆ ವಾರ ಊರಲ್ಲಿ ತೀರಿಹೋಗಿದ್ದಳು. ಕೊರೊನಾ ಅಂತ ಹೋಗೋದಕ್ಕೆ ದಾರಿ ಇರಲಿಲ್ಲ. ಅವಳು ಕಲಿಸಿದ್ದನ್ನೇ ಮಾಡಿ, ಸಂಜೆ ಪ್ರಾರ್ಥನೆಗೆ ಬರೋರಿಗೆ ಹಂಚೋಣ ಅಂತಿದ್ದೆ. ಮೊದಲ ಪಾಲು ನಿನಗೆ ಬಂತು. ಬಸುರಿಗೆ ಸಾವಿನ ಮಾತು ಯಾಕೆ ಅಂತ ಆಗ ಹೇಳಲಿಲ್ಲ."

ನಾನು ಫೋನಿನತ್ತ ನೋಡಿದೆ. ಸತ್ತವರ ಹೆಸರಿನಲ್ಲಿ ಮಾಡಿದ್ದನ್ನು ಬಸುರಿ ಮುಟ್ಟಬಾರದು ಎಂದು ನಮ್ಮ ಮನೆಯಲ್ಲಿ ಬಲು ಕಟ್ಟುನಿಟ್ಟು. ಸೋದರಮಾವ ತೀರಿಕೊಂಡಾಗ ಬಸುರಿಯಾಗಿದ್ದ ನನ್ನ ಅಕ್ಕನಿಗೆ ಆ ಮನೆಯ ನೀರನ್ನೂ ಕುಡಿಯಲು ಅವ್ವ ಬಿಟ್ಟಿರಲಿಲ್ಲ.

"ಏನಂತಾಳಾಕಿ?" ಎಂದಳು ಅವ್ವ ಫೋನಿನೊಳಗಿಂದ.

ಸುಳ್ಳು ಹೇಳಬಹುದಿತ್ತು. ಆದರೆ ಕಾಕ್ ಎದುರಿಗೇ ಕೂತಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವುದು ಕಂಡಿತು.

"ಆಕಿ ಅವ್ವನ ಹೆಸರೇನು ಕೇಳು."

ಕೇಳಿದೆ. ಹಲೀಮಾ.

"ನನಗ ಬರಾಕ ಆಗಲಿಲ್ಲ. ಹಲೀಮವ್ವ ಬಂದು ನಿನಗ ಉಣಿಸಿ ಹೋಗ್ಯಾಳ" ಎಂದಳು ಅವ್ವ. "ನೀ ಏಳಲ್ಲಿಂದ. ಆಕಿನ್ನ ಆ ಮಣಿ ಮ್ಯಾಲ ಕೂಡ್ರಸು. ತಾಯಿ ಇಲ್ಲದ ಕೂಸು ಅದು, ಆಕಿಗೂ ಒಂದು ಉಡಿ ತುಂಬು."

ನಾನು ಕಾಕ್ ಅವರ ಮಡಿಲಿಗೆ ಅಕ್ಕಿ, ತೆಂಗಿನಕಾಯಿ ಹಾಕಿ, ಅವ್ವ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅಷ್ಟು ಗಟ್ಟಿ ಹೆಂಗಸು, ತೆಂಗಿನಕಾಯಿಯನ್ನು ಎದೆಗವಚಿಕೊಂಡು ಬಿಕ್ಕಿಬಿಕ್ಕಿ ಅತ್ತರು.

ಈಗ ನನ್ನ ಮಗಳು ಶಾಲೆಗೆ ಹೋಗುತ್ತಾಳೆ. ಕಿವಿ ಸೋರಲಿಲ್ಲ, ಜೊಲ್ಲು ಎಲ್ಲ ಮಕ್ಕಳಷ್ಟೇ ಸುರಿಸಿದಳು. ಕಾಕ್ ಯಾತಿ ಮಗನ ಜೊತೆ ಕೆರೊಲೈನಾಕ್ಕೆ ಹೋದರು, ಫೋನ್ ಮಾಡುತ್ತಿರುತ್ತಾರೆ. ನಮ್ಮ ಮನೆಗೆ ಬಂದವರು "ಬೇಡ, ಊಟ ಆಗಿದೆ" ಎಂದರೆ ನಾನು ಎರಡನೆಯ ಸಲ ಕೇಳುತ್ತೇನೆ, ಮೂರನೆಯ ಸಲವೂ ಕೇಳುತ್ತೇನೆ. ಯಾರ ಹೊಟ್ಟೆಯಲ್ಲಿ ಏನಿದೆಯೋ ಯಾರಿಗೆ ಗೊತ್ತು.

ಎಲೆ ಹಳದಿಯಾಗುವ ಕಾಲಕ್ಕೆ ಪ್ರತಿ ವರ್ಷ ಒಂದು ದಿನ ಮನೆಯಲ್ಲಿ ಬುವಾ ಮೆಲಾಕಾ ಮಾಡುತ್ತೇನೆ. ಕಾಕ್ ಮಾಡಿದಷ್ಟು ಚೆನ್ನಾಗಿ ಬರುವುದಿಲ್ಲ, ಅರ್ಧದಷ್ಟು ಉಂಡೆಗಳು ಕುದಿಯುವ ನೀರಿನಲ್ಲೇ ಒಡೆದುಹೋಗುತ್ತವೆ. ಹೋದ ವರ್ಷ ಮಗಳು ಒಲೆಯ ಪಕ್ಕ ಸ್ಟೂಲ್ ಹಾಕಿಕೊಂಡು ನಿಂತಿದ್ದಳು. ಬಾಯಲ್ಲಿ ನೀರೂರುತ್ತಿತ್ತು, ಆದರೂ ಕೈ ಹಾಕಲಿಲ್ಲ. ತನ್ನ ಇಂಗ್ಲಿಷ್ ಬೆರೆತ ಕನ್ನಡದಲ್ಲಿ ಕೇಳಿದಳು: "ಅಮ್ಮಾ, ಹಲೀಮಾ ಅಜ್ಜಿಗೆ ಫಸ್ಟ್ ಇಟ್ಟಿಯಾ? ಈಗ ನಾನು ತಿನ್ಲಾ?"