ಶಂಕ್ರಮ್ಮನ ಕೈಗೆ ಬಂದ ಹದಿನಾಲ್ಕು ಜಿಬಿ ಮದುವೆ

ದೊಡ್ಡ ವಿಡಿಯೋ ಫೈಲುಗಳನ್ನು ಕಿರಿದು ಮಾಡಿಕೊಡುವ ಶಂಕ್ರಮ್ಮ ತಮಗೆ ಹಿಡಿಸದ ನೆಂಟರನ್ನು ಮದುವೆ ವಿಡಿಯೋದಿಂದ ಕಿತ್ತುಹಾಕುತ್ತಾರೆ ಎಂದೇ ಅಡ್ಯಾರಿನ ರವಿಶಂಕರ್ ಬಹಳ ಕಾಲ ನಂಬಿದ್ದರು. ಇಲ್ಲದಿದ್ದರೆ ಹದಿನಾಲ್ಕು ಜಿಬಿ ಕೊಟ್ಟವರಿಗೆ ಒಂದೇ ಜಿಬಿ ಹೇಗೆ ವಾಪಸು ಬರುತ್ತದೆ? ಉಳಿದ ಹದಿಮೂರರಲ್ಲಿ ಯಾರ ಸೋದರಮಾವಂದಿರು ಹೋದರೋ ಯಾರಿಗೆ ಗೊತ್ತು!

ಹಾಗಾಗಿ ಮಗಳು ಸಂಗೀತಾಳ ಮದುವೆ ವಿಡಿಯೋವನ್ನು ತ್ರಿಪ್ಲಿಕೇನಿನಲ್ಲಿರುವ ಶಂಕ್ರಮ್ಮನ ಒಂದು ಕೋಣೆಯ ಅಂಗಡಿಗೆ ತಂದ ದಿನ ರವಿಶಂಕರ್ ಕೊಟ್ಟು ಹೋಗಲಿಲ್ಲ, ಕಾವಲು ಕೂತರು. ಸಂಜೆ ನಾಲ್ಕಕ್ಕೆ ಎರಡೂ ಮನೆಯವರ ಬಸ್ಸು ಕಂಚಿಗೆ ಹೊರಡಬೇಕು. ದಾರಿಯಲ್ಲಿ ತಮ್ಮ ಸ್ವಾಗತ ಭಾಷಣವನ್ನು ಬೀಗರಿಗೆ ಮತ್ತೊಮ್ಮೆ ತೋರಿಸುವುದಾಗಿ ವಾರದಿಂದ ಸಾರಿದ್ದರು. ಬಸ್ಸಿನ ಹಳೇ ಟಿವಿಯೋ, ಅಷ್ಟು ದೊಡ್ಡ ಫೈಲನ್ನು ಮೂಸಿಯೂ ನೋಡಲಿಲ್ಲ. ಆಗಲೇ ಎರಡೂವರೆ.

"ಯಾರನ್ನೂ ತಗಿಯೂದಿಲ್ಲ ಸರ್," ಎಂದರು ಶಂಕ್ರಮ್ಮ. "ಮಂದಿ ಅಷ್ಟೂ ಇರ್ತಾರ. ಫೈಲು ಕಿರಿದಾದ ಮ್ಯಾಲ ಹಾರದಾಗಿನ ಹೂವಿನ ಎಸಳು ಎಣಸಾಕ ಬರೂದಿಲ್ಲ, ಅಷ್ಟ."

ವಿಜಯಪುರದ ಕಡೆಯಿಂದ ಮೂವತ್ತು ವರ್ಷದ ಹಿಂದೆ ಮದುವೆಯಾಗಿ ಬಂದವರು. ಗಂಡ ರೇವಣಸಿದ್ದಪ್ಪ ವಿಡಿಯೋ ತೆಗೆಯುವವರು. ತೆಗೆದದ್ದು ಜನರ ಟಿವಿಯಲ್ಲಿ ಓಡುವಂತೆ ಮಾಡುವುದು ಅಂದಿನಿಂದಲೂ ಇವರ ಪಾಲು. ಮೊದಲು ಟೇಪು, ಆಮೇಲೆ ಸಿಡಿ, ಈಗ ಪೆನ್‌ಡ್ರೈವ್. ಕಂಪ್ಯೂಟರಿನ ಮಾತನ್ನು ಮಾತ್ರ ಇವತ್ತಿಗೂ ನಂಬುವುದಿಲ್ಲ. ಮೊದಲು ಒಂದು ನಿಮಿಷದ ತುಂಡನ್ನು ಕಿರಿದು ಮಾಡಿ, ಮೇಜಿನ ಮೇಲಿನ ಡಬ್ಬದಂಥ ಟಿವಿಯಲ್ಲಿ ಓಡಿಸಿ, ಮುಖ ಸರಿಯಾಗಿ ಕಂಡರೇ ಪೂರ್ತಿ ಕೆಲಸ.

ತುಂಡು ಓಡಿತು. ರವಿಶಂಕರ್ ಎದ್ದೇ ನಿಂತರು. ಟಿವಿಯಲ್ಲಿ ಅವರು ಆರಡಿ ಎತ್ತರ, ಹೊಟ್ಟೆಯೇ ಇಲ್ಲ!

"ಭೇಷ್! ಹೀಗೇ ಇರಲಿ ಕಣ್ರೀ!"

"ಅಗಲ ಚಿತ್ರ ಚೌಕ ಟಿವ್ಯಾಗ ತುರುಕಿದಂಗ ಆಗೇತಿ ಸರ್. ನಿಮ್ಮ ಬೀಗರನ್ನ ನೋಡ್ರಿ, ಗಳ ಆಗ್ಯಾರ."

ಬೀಗರು ನಿಜಕ್ಕೂ ಬಿದಿರುಗಳದಂತಿದ್ದರು. ಅವರ ಹೆಸರುವಾಸಿ ಮೀಸೆ ಹಲ್ಲುಜ್ಜುವ ಬ್ರಷ್ಷಿನಷ್ಟಾಗಿತ್ತು.

"ಹಾಗಾದ್ರೆ ಅವರನ್ನ ಮಾತ್ರ ಸರಿಮಾಡಿ. ನನ್ನನ್ನ ಬಿಟ್ಬಿಡಿ."

"ಒಂದ ಫೈಲಿನಾಗ ಎಲ್ಲಾರಿಗೂ ಒಂದ ನ್ಯಾಯ ರೀ. ಸುಮ್ಮ ಉಕ್ಕಾರುಂಗ!"

ತಮಿಳಿನಲ್ಲಿ ಉಕ್ಕಾರುಂಗ ಅಂದಮೇಲೆ ಕೂರಲೇಬೇಕು, ಕೂತರು. ಚಿತ್ರದ ಮೇಲೂ ಕೆಳಗೂ ಕಪ್ಪು ಪಟ್ಟಿ ಬಂತು, ಬೀಗರ ಮೀಸೆ ಮರಳಿತು, ಜೊತೆಗೆ ರವಿಶಂಕರ್ ಹೊಟ್ಟೆಯೂ.

ಪೂರ್ತಿ ವಿಡಿಯೋ ಹೊರಟಿತು. ಶೇಕಡಾ ಹತ್ತು, ಮೂವತ್ತು, ಅರವತ್ತು! ಒಂದೊಂದನ್ನೂ ಹೆಂಡತಿ ಜ್ಯೋತಿಗೆ ಕ್ರಿಕೆಟ್ ಸ್ಕೋರಿನಂತೆ ಫೋನಿನಲ್ಲಿ ಒದರಿದರು. "ಡ್ರೈವರ್ ಹಾರನ್ ಹೊಡೀತಿದಾನೆ ರೀ, ಬೀಗರು ಗಡಿಯಾರ ನೋಡ್ತಿದಾರೆ!" ಎಂದು ಆಕೆ ಅತ್ತಲಿಂದ ಒದರಿದರು. ತೊಂಬತ್ತೆಂಟಕ್ಕೆ ಕರೆಂಟು ಹೋಯಿತು. ಮೇಜಿನ ಕೆಳಗಿನ ಯುಪಿಎಸ್ ಕೀ ಕೀ ಅಂದಿತು, ಅಂಕಿ ನೂರು ಮುಟ್ಟಿತು!

ಆಟೋ, ಓಟ, ಬಸ್ಸು. ಟಿವಿಯಲ್ಲಿ ಭಾಷಣ ಶುರುವಾದಾಗ ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು. ರವಿಶಂಕರ್ ತಲೆ ಎಣಿಸಿದರು: ಸೋದರಮಾವಂದಿರು ಮೂವರೂ ಇದ್ದರು. ಉಬ್ಬಿಹೋಗಿ ಕೂತಲ್ಲಿಂದಲೇ ಫೋನ್ ಮಾಡಿದರು.

"ಶಂಕ್ರಮ್ಮನೋರೇ, ಯಾರೂ ಕಳೆದಿಲ್ಲ! ಆದ್ರೂ ಒಂದು ಅನುಮಾನ. ಹದಿಮೂರು ಜಿಬಿ ಹೋಯ್ತಲ್ಲ, ಅದರಲ್ಲಿ ನನ್ನ ಭಾಷಣದ ಗಾಂಭೀರ್ಯ ಏನಾದ್ರೂ ಕಮ್ಮಿ ಆಯ್ತಾ?"

"ಭಾಷಣ ಎಲ್ಲಿ ಜಾಗ ಹಿಡದಿತ್ತು ಸರ್? ಜಾಗ ತಿಂದಿದ್ದು ನಿಮ್ಮ ಕೊಳ್ಳಾಗಿನ ಹಾರ."