ತನ್ನ ಸಾವಿಗೆ ತಾನೇ ಬಂದ ಡೈನೆಸ್

ನಾನು ಧೈರ್ಯವಂತನೆಂದು ನನ್ನ ಹೆಂಡತಿ ಇವತ್ತಿಗೂ ನಂಬಿದ್ದಾಳೆ. ನಂಬಿಕೊಂಡಿರಲಿ, ಬಿಡಿ. ಕಬ್ವೆ ಪಟ್ಟಣದ ಮೆಕ್ಕೆಜೋಳದ ಗಿರಣಿಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಮೂಟೆ ಹೊರುತ್ತಿದ್ದೇನೆ. ಇಪ್ಪತ್ತೈದು ಕಿಲೋದ ಎರಡು ಹಿಟ್ಟಿನ ಚೀಲಗಳನ್ನು ಒಂದೇ ಹೆಗಲಿಗೇರಿಸಿ ಲಾರಿ ಹತ್ತುತ್ತೇನೆ. ಅಂಥ ನಾನು, ಈ ಮ್ವೀಂಬಾ, ಒಂದು ಮಂಗಳವಾರ ಮಧ್ಯಾಹ್ನ, ಆ ಎರಡು ಚೀಲದಷ್ಟೂ ತೂಗದ ಒಬ್ಬ ಹೆಂಗಸನ್ನು ಕಂಡು ಎದ್ದೆನೋ ಬಿದ್ದೆನೋ ಎಂದು ಓಡಿದೆ.

ಆಕೆಯ ಹೆಸರು ಡೈನೆಸ್ ಜೇರೆ. ಚೀಲದ ಬಾಯಿ ಹೊಲಿಯುವ ಕೆಲಸಕ್ಕೆ ಸೇರಿ ಆಗ ಮೂರು ತಿಂಗಳಾಗಿತ್ತು. ಆಳು ಗಿಡ್ಡ, ಮಾತು ಮಾತ್ರ ಮಾರುದ್ದ. ಬಂದ ಮೊದಲ ದಿನವೇ ನಮ್ಮ ಮ್ಯಾನೇಜರ್ ಕಸೊಂಡೆಯವರ ಎದುರು ನಿಂತು, ಅವರ ಹೊಟ್ಟೆಯನ್ನು ಆಚೆಯಿಂದ ಈಚೆಯವರೆಗೆ ನೋಡಿ, "ಏನ್ ಭಾವ, ಚೀಲದಲ್ಲಿ ಹಿಟ್ಟು ಕಮ್ಮಿ ಬರ್ತಿದೆ ಅಂತ ಊರೆಲ್ಲ ಗೊಣಗ್ತಾರೆ. ಎಲ್ಲಿ ಹೋಗ್ತಿದೆ ಅಂತ ನಂಗೀಗ ಗೊತ್ತಾಯ್ತು ನೋಡು" ಅಂದಳು.

ಇವತ್ತೇ ಈಕೆಯ ಕೆಲಸ ಹೋಯಿತು ಅಂದುಕೊಂಡೆವು. ಕಸೊಂಡೆಯವರು ಹಲ್ಲು ಕಿರಿದರು. ಕಿರಿಯದೆ ಗತಿಯಿಲ್ಲ. ಅವರು ಬೆಂಬಾ, ಆಕೆ ಎನ್‌ಗೋನಿ. ಎರಡೂ ಕುಲದ ಅಜ್ಜಂದಿರು ಒಂದು ಕಾಲದಲ್ಲಿ ಈಟಿ ಹಿಡಿದು ಕಾದಾಡಿದವರು. ಯಾರು ಗೆದ್ದರೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಆ ಜಗಳ ಮುಗಿದ ಮೇಲೆ ಗೇಲಿಯ ನೆಂಟರಾದರು. ಗೇಲಿಯ ನೆಂಟರು ಒಬ್ಬರಿಗೊಬ್ಬರು ಬಾಯಿಗೆ ಬಂದದ್ದು ಅನ್ನಬಹುದು, ಅನ್ನಿಸಿಕೊಂಡವರು ಸಿಟ್ಟಾಗುವಂತಿಲ್ಲ. ಸಿಟ್ಟಾದರೆ ಒಂದು ಕೋಳಿ ದಂಡ.

"ಇಲಿ ಸುಟ್ಟು ತಿನ್ನೋರಿಗೆ ಹಿಟ್ಟಿನ ಚಿಂತೆ ಯಾಕಮ್ಮಾ?" ಅಂದರು ಕಸೊಂಡೆ.

"ಇಲಿ ಆದ್ರೂ ನೆಲದ ಮೇಲೆ ಸಿಗುತ್ತೆ. ನಿಮ್ಮ ಹಾಗೆ ಕೋತಿ ಮಾಂಸಕ್ಕೆ ಅಂತ ಮರ ಹತ್ತೋದಿಲ್ಲ ನಾವು."

ಮೂರು ತಿಂಗಳು ಹೀಗೇ ನಡೆಯಿತು. ಗಿರಣಿಯ ಗದ್ದಲದ ಮೇಲೆ ಇವರಿಬ್ಬರ ಗದ್ದಲ. ನಮಗೆ ಕೆಲಸದ ಬೇಸರ ಕಳೆಯಲು ಬೇರೆ ರೇಡಿಯೋ ಬೇಕಿರಲಿಲ್ಲ.

ಆ ಮಂಗಳವಾರ ಡೈನೆಸ್ ಹೊಲಿಗೆ ಯಂತ್ರದ ಪಕ್ಕದಲ್ಲಿ ದೊಪ್ಪನೆ ಬಿದ್ದಳು. ಕೈಕಾಲು ಸೆಟೆದುಕೊಂಡವು, ಮೈಯೆಲ್ಲ ಅದುರಿತು, ಬಾಯಿಂದ ನೊರೆ ಬಂತು. ಮೂರ್ಛೆರೋಗ. ನಮ್ಮ ಕಡೆ ಅದರ ಹೆಸರನ್ನು ಗಟ್ಟಿಯಾಗಿ ಹೇಳುವುದಕ್ಕೂ ಹೆದರುತ್ತಾರೆ. ಬಿದ್ದವರ ಎಂಜಲು ತಾಕಿದರೆ ನಮಗೂ ಹತ್ತುತ್ತದೆ, ಉಸಿರು ಸೋಕಿದರೂ ಸಾಕು ಎಂದು ನನ್ನಜ್ಜಿ ಹೇಳಿದ್ದಳು. ಆಕೆ ಹೇಳಿದ ಒಳ್ಳೆಯ ಮಾತುಗಳೊಂದೂ ನೆನಪಿಲ್ಲ, ಇದು ಮಾತ್ರ ನೆನಪಿತ್ತು. ಎದುರು ಕೂತು ಹೊಲಿಯುತ್ತಿದ್ದ ನಸಿಲೆಲೆ, ಚರ್ಚಿನಲ್ಲಿ ಹಾಡುವವಳು, "ಯೇಸಪ್ಪಾ, ಕಾಪಾಡಪ್ಪಾ" ಎಂದು ಕಿರುಚುತ್ತ ಅಂಗಳಕ್ಕೆ ಹಾರಿದಳು. ನಾನು ಮೂಟೆಗಳ ರಾಶಿ ಹತ್ತಿ ತುತ್ತತುದಿಯಲ್ಲಿ ಕೂತೆ. ಕಸೊಂಡೆ ಕಚೇರಿಯೊಳಗೆ ಹೋಗಿ ಚಿಲಕ ಹಾಕಿಕೊಂಡರು.

ಸ್ವಲ್ಪ ಹೊತ್ತಿಗೆ ಡೈನೆಸ್ ಎಚ್ಚರಗೊಂಡು ಎದ್ದು ಕೂತಳು. ಸುತ್ತ ನೋಡಿದಳು. ಯಾರೂ ಇಲ್ಲ, ಯಂತ್ರ ಸುಮ್ಮನೆ ತಿರುಗುತ್ತಿದೆ. ಅದನ್ನು ತಾನೇ ನಿಲ್ಲಿಸಿ, ಮುಖ ಒರೆಸಿಕೊಂಡು, ಗೋಡೆ ಹಿಡಿದುಕೊಂಡು ಮನೆಗೆ ಹೋದಳು. ನಾನು ಮೇಲಿನಿಂದ ಎಲ್ಲವನ್ನೂ ನೋಡುತ್ತಿದ್ದೆ, ಕೆಮ್ಮಲೂ ಇಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಸಂಜೆಯೊಳಗೆ ಕಸೊಂಡೆ ಒಂದು ಕಾಗದ ಟೈಪು ಮಾಡಿಸಿದರು. ನಿಮ್ಮ ಸೇವೆ ಇನ್ನು ಬೇಕಿಲ್ಲ ಎಂಬರ್ಥದ ಕಾಗದ. "ಒಳ್ಳೆ ಹೆಂಗಸೇ ಕಣ್ರಯ್ಯಾ. ಆದ್ರೆ ನಾಳೆ ಯಂತ್ರದ ಮೇಲೇ ಬಿದ್ರೆ ನಾನು ಯಾರಿಗೆ ಉತ್ತರ ಹೇಳ್ಲಿ?" ಎಂದು ನಮ್ಮನ್ನು ಕೇಳಿದರು. ನಾವು ಚೀಲ ಎಣಿಸುವವರ ಹಾಗೆ ಆಚೆ ತಿರುಗಿದೆವು. ನಿಜ ಹೇಳುತ್ತೇನೆ, ಆಕೆ ಹೋದರೆ ಪೀಡೆ ತೊಲಗಿತು ಎಂದು ನನಗೂ ಒಳಗೊಳಗೇ ಅನಿಸಿತ್ತು.

ಮರುದಿನ ಬೆಳಿಗ್ಗೆ ಗಿರಣಿಯ ಬಾಗಿಲಲ್ಲಿ ಹುಯ್ಲೋ ಹುಯ್ಲು. ಓಡಿ ಹೋಗಿ ನೋಡಿದರೆ ಡೈನೆಸ್ ತಲೆಗೆ ಕಪ್ಪು ಬಟ್ಟೆ ಸುತ್ತಿ, ಸೊಂಟಕ್ಕೆ ಚಿಟೆಂಗೆ ವಸ್ತ್ರ ಬಿಗಿದು, ನೆಲದ ಮೇಲೆ ಕಾಲು ಚಾಚಿ ಕೂತು ಎದೆ ಬಡಿದುಕೊಳ್ಳುತ್ತಿದ್ದಾಳೆ.

"ಅಯ್ಯೋ, ಯಾರು ಹೋದ್ರು?" ಕಸೊಂಡೆ ಕೇಳಿದರು.

"ಡೈನೆಸ್ ಹೋದ್ಲು ಭಾವಾ! ನಿನ್ನೆ ಮಧ್ಯಾಹ್ನವೇ ಹೋಗ್ಬಿಟ್ಲು. ಅಷ್ಟು ಜನ ಅವಳನ್ನ ಬಿಟ್ಟು ಓಡಿದ್ರು ಅಂದ್ಮೇಲೆ ಸತ್ತೇ ಹೋಗಿರ್ಬೇಕು. ಬದುಕಿರೋರನ್ನ ಯಾರಾದ್ರೂ ಹಾಗೆ ಬಿಟ್ಟು ಓಡ್ತಾರಾ? ನೀನು ನೆಂಟ. ಸೌದೆ ಎಲ್ಲಿ? ಕೋಳಿ ಎಲ್ಲಿ? ಸಾವಿನ ಮನೆಗೆ ಬರಿಗೈಲಿ ಬಂದಿದ್ದೀಯಲ್ಲ, ಮಾನ ಇಲ್ವಾ?"

ಸಾವಿನ ಮನೆಯಲ್ಲಿ ಗೇಲಿಯ ನೆಂಟರಿಗೆ ಒಂದು ಕೆಲಸವಿದೆ. ಹೋದವರ ನಡಿಗೆ, ಮಾತು, ಚಾಳಿಗಳನ್ನು ಅಣಕಿಸಿ ಅಳುವವರನ್ನು ನಗಿಸಬೇಕು. ಡೈನೆಸ್ ಈ ಪದ್ಧತಿಯನ್ನೇ ತಲೆಕೆಳಗು ಮಾಡಿದಳು. ಸತ್ತವಳೇ ಎದ್ದು ನಿಂತು ಬದುಕಿದ್ದವರನ್ನು ಅಣಕಿಸತೊಡಗಿದಳು.

ಮೊದಲು ನಸಿಲೆಲೆ. ಎರಡೂ ಕೈ ಮೇಲೆತ್ತಿ, "ಯೇಸಪ್ಪಾ, ಇವಳನ್ನ ಕಾಪಾಡು, ಆದ್ರೆ ಮೊದಲು ನನ್ನ ಕಾಪಾಡು" ಎಂದು ಕೂಗುತ್ತ ಒಂದು ಸುತ್ತು ಓಡಿದಳು. ಆಮೇಲೆ ನಾನು. ಗಾಳಿಯಲ್ಲೇ ಮೂಟೆ ಹತ್ತಿ, ಹತ್ತಿ, ಹತ್ತಿ, ತುದಿಗೆ ಕೂತು, ಕೆಳಗೆ ಇಣುಕಿ ಕಣ್ಣು ಪಿಳುಕಿಸಿದಳು. ಅಲ್ಲಿದ್ದವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಕೊನೆಗೆ ಕಸೊಂಡೆ. ಹೊಟ್ಟೆಯನ್ನು ಎರಡು ಕೈಯಲ್ಲಿ ಹೊತ್ತುಕೊಂಡು ಓಡಿ, ಇಲ್ಲದ ಬಾಗಿಲು ಹಾಕಿ, ಇಲ್ಲದ ಚಿಲಕ ಜಡಿದು, ಇಲ್ಲದ ಬೀಗದ ಕಿಂಡಿಯಲ್ಲಿ ಕಣ್ಣಿಟ್ಟಳು.

"ಅವತ್ತು ಯುದ್ಧದಲ್ಲಿ ನಿಮ್ಮಜ್ಜ ನಮ್ಮಜ್ಜನ್ನ ಕಂಡು ಓಡಿದ್ದು ಸಾಲ್ದು ಅಂತ ನೀನೂ ಓಡಿದ್ಯಲ್ಲ ಭಾವ. ಮನೆತನದ ಹೆಸರು ಉಳಿಸಿದೆ ಬಿಡು."

"ಓಡಿದ್ದು ನಿಮ್ಮಜ್ಜ!" ಕಸೊಂಡೆಯವರಿಗೆ ನಗು ತಡೆಯಲಾಗಲಿಲ್ಲ. ಅವರ ಜೇಬಿನಲ್ಲಿದ್ದ ಕಾಗದದ ತುದಿ ಮಾತ್ರ ಹೊರಗೇ ಕಾಣುತ್ತಿತ್ತು.

ನನಗೊಂದು ಅನುಮಾನ ಬಂತು. "ಅಲ್ಲಕ್ಕಾ, ನಿನಗೆ ಪ್ರಜ್ಞೆ ಇರ್ಲಿಲ್ಲ. ಇದೆಲ್ಲ ಹೆಂಗೆ ನೋಡಿದೆ?"

"ನೋಡೋದೇನ್ ಬಂತು? ಇದು ನಂಗೆ ಹನ್ನೊಂದನೇ ಕೆಲಸ ಕಣೋ. ಹೋಟ್ಲಲ್ಲಿ ಬಿದ್ದಿದ್ದೀನಿ, ಬಟ್ಟೆ ಒಗೆಯೋ ಅಂಗಡೀಲಿ ಬಿದ್ದಿದ್ದೀನಿ, ಶಾಲೆ ಅಡುಗೆಮನೇಲಿ ಬಿದ್ದಿದ್ದೀನಿ. ಎಲ್ಲಾ ಕಡೆ ಒಬ್ರು ದೇವರನ್ನ ಕೂಗ್ತಾ ಓಡ್ತಾರೆ, ಒಬ್ರು ಏನಾದ್ರೂ ಹತ್ತಿ ಕೂತ್ಕೋತಾರೆ, ದೊಡ್ಡೋರು ಬಾಗಿಲು ಹಾಕ್ಕೋತಾರೆ. ನಿಮ್ಮ ಮೂರು ಜನರ ಮುಖ ನೋಡಿದ್ರೆ ಯಾರು ಯಾವ ಜಾತಿ ಅಂತ ಗೊತ್ತಾಗಲ್ವಾ?"

ಮತ್ತೆ ನಗು. ಆ ನಗು ಇನ್ನೂ ಇಳಿಯುವ ಮುಂಚೆಯೇ ಆಕೆ ಎಡಗೈ ತೋಳಿನ ಬಟ್ಟೆ ಮೇಲೆ ಸರಿಸಿದಳು. ಮೊಣಕೈಯಿಂದ ಭುಜದವರೆಗೆ ಚರ್ಮ ಸುಟ್ಟು ಸುಕ್ಕಾಗಿ ಅಂಟಿಕೊಂಡಿತ್ತು.

"ಶಾಲೆ ಅಡುಗೆಮನೇಲಿ ಒಲೆ ಪಕ್ಕ ಬಿದ್ದೆ," ಅಂದಳು. ದನಿಯಲ್ಲಿ ಗೇಲಿ ಇರಲಿಲ್ಲ. "ಐದು ಜನ ಇದ್ರು. ಕಾಲು ಹಿಡಿದು ಒಂದು ಮಾರು ಈಚೆ ಎಳೆದಿದ್ರೆ ಸಾಕಿತ್ತು. ಎಂಜಲು ತಾಕುತ್ತೆ ಅಂತ ಯಾರೂ ಮುಟ್ಲಿಲ್ಲ. ಇದು ನನ್ನ ರೋಗ ಮಾಡಿದ್ದಲ್ಲ ಭಾವ. ಓಡಿದೋರು ಮಾಡಿದ್ದು."

ನಸಿಲೆಲೆ ತಲೆ ತಗ್ಗಿಸಿದಳು. ನನಗೆ ಮೂಟೆ ಹತ್ತಿದ್ದ ಕಾಲುಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

ಕಸೊಂಡೆ ಜೇಬಿನಿಂದ ಕಾಗದ ಹೊರಗೆಳೆದರು. "ನೋಡು ಡೈನೆಸ್, ಒಂದು ತಿಂಗಳು ಅವಕಾಶ ಕೊಡ್ತೀನಿ. ಅಷ್ಟರಲ್ಲಿ ಮತ್ತೆ ಬಿದ್ರೆ ಈ ಕಾಗದ ನಿನ್ನ ಕೈಗೆ ಬರುತ್ತೆ."

"ಬೀಳೋದು ನನ್ನ ಕೈಲಿಲ್ಲ. ಮಾತ್ರೆ ನುಂಗ್ತೀನಿ, ಆದ್ರೂ ರಾತ್ರಿ ಪಾಳಿ ಮಾಡಿ ನಿದ್ದೆ ಕೆಟ್ರೆ ಬಂದ್ಬಿಡುತ್ತೆ. ಓಡೋದು ಮಾತ್ರ ನಿಮ್ಮ ಕೈಲಿದೆ. ಹಗಲು ಪಾಳಿ ಕೊಡು, ಯಂತ್ರ ಬಿಡಿಸಿ ತಕ್ಕಡಿ ಹತ್ರ ಕೂರಿಸು. ಆಮೇಲೆ ನಾನು ಬಿದ್ದಾಗ ನೀವು ಓಡಿದ್ರೆ, ಕಾಗದ ನೀನು ಕೊಡೋದು ಬೇಡ, ನಾನೇ ಕೇಳಿ ಇಸ್ಕೊಂಡು ಹೋಗ್ತೀನಿ. ಓಡ್ಲಿಲ್ಲ ಅಂದ್ರೆ ಅದನ್ನ ಹರೀಬೇಕು. ಆಯ್ತಾ? ಅಥವಾ ಕೋಳಿ ತರ್ತೀಯಾ?"

ಇಡೀ ಗಿರಣಿ ನೋಡುತ್ತಿತ್ತು. ಗೇಲಿಯ ನೆಂಟರಿಗೆ ಅಷ್ಟು ಜನರ ಎದುರು ಇಲ್ಲವೆಂದರೆ ಕಸೊಂಡೆ ಊರಲ್ಲಿ ತಲೆಯೆತ್ತಿ ತಿರುಗುವಂತಿರಲಿಲ್ಲ. "ಆಯ್ತು," ಅಂದರು.

ಅಲ್ಲಿಂದ ಮುಂದೆ ದಿನಾ ಊಟದ ಹೊತ್ತಿಗೆ ಪಾಠ. ನಾವು ನ್ಶಿಮಾ ಮುದ್ದೆ ಮುರಿಯುತ್ತ ಕೂತಿರುವಾಗ ಡೈನೆಸ್ ಕಸೊಂಡೆಯವರನ್ನೇ ನೆಲದ ಮೇಲೆ ಮಲಗಿಸುತ್ತಿದ್ದಳು. "ಮ್ವೀಂಬಾ, ಇವನನ್ನ ಪಕ್ಕಕ್ಕೆ ಹೊರಳಿಸು. ಮೂಟೆ ಥರ ಅಲ್ವೋ, ಮಗು ಥರ. ಹಾಂ. ತಲೆ ಕೆಳಗೆ ಮೆತ್ತಗೆ ಏನಾದ್ರೂ ಇಡು. ನಸಿಲೆಲೆ, ಬಾಯಿಗೆ ಚಮಚ ತುರುಕಬೇಡ, ಇವನ ಬಾಯಿಗೆ ಹೋದದ್ದು ಯಾವತ್ತು ವಾಪಸ್ ಬಂದಿದೆ? ಕೈಕಾಲು ಅದುಮಿ ಹಿಡೀಬೇಡಿ. ಗಡಿಯಾರ ನೋಡ್ತಿರಿ, ಐದು ನಿಮಿಷ ದಾಟಿದ್ರೆ ಆಸ್ಪತ್ರೆ. ದಾಟದಿದ್ರೆ ಸುಮ್ನೆ ಪಕ್ಕದಲ್ಲಿ ಕೂತಿರಿ, ಅಷ್ಟೇ."

"ಪ್ರಾರ್ಥನೆ ಮಾಡಬಹುದಾ?" ಎಂದು ನಸಿಲೆಲೆ ಕೇಳಿದಳು.

"ಮಾಡು. ಕೂತ್ಕೊಂಡು ಮಾಡು."

ಮೊದಮೊದಲು ತಮಾಷೆಗೆಂದು ಸೇರುತ್ತಿದ್ದವರು ಬರಬರುತ್ತ ತಮ್ಮ ಕಥೆ ಹೇಳತೊಡಗಿದರು. ಲಾರಿಯ ಚಾಲಕ ತನ್ನ ತಂಗಿಗೂ ಹೀಗೇ ಆಗುತ್ತದೆ ಎಂದ. ಆರು ವರ್ಷ ಜೊತೆಗೆ ದುಡಿದಿದ್ದರೂ ನಮಗೆ ಅವನಿಗೊಬ್ಬ ತಂಗಿಯಿರುವುದೇ ಗೊತ್ತಿರಲಿಲ್ಲ. ನಸಿಲೆಲೆ ತನಗೆ ಬಲಗಿವಿ ಕೇಳಿಸುವುದಿಲ್ಲವೆಂದು ಒಪ್ಪಿಕೊಂಡಳು. ಕರೆದರೆ ತಿರುಗಿ ನೋಡದ ಜಂಬಗಾತಿ ಎಂದು ಅಷ್ಟು ದಿನ ಆಕೆಯನ್ನು ಬೈದುಕೊಂಡಿದ್ದೆವು.

ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿತ್ತು. ಲಾರಿಗೆ ಚೀಲ ತುಂಬುವ ಗಡಿಬಿಡಿಯಲ್ಲಿದ್ದೆವು. ತಕ್ಕಡಿಯ ಹತ್ತಿರ ಡೈನೆಸ್ ನಡುಮಾತಿನಲ್ಲೇ ಸುಮ್ಮನಾದಳು. ಆಕೆ ಸುಮ್ಮನಾದದ್ದೇ ನಮಗೆ ದೊಡ್ಡ ಸದ್ದಿನಂತೆ ಕೇಳಿಸಿತು. ಆಮೇಲೆ ಬಿದ್ದಳು.

ನನ್ನ ಕಾಲು ಮೂಟೆಗಳ ಕಡೆಗೇ ತಿರುಗಿತು, ಸುಳ್ಳು ಹೇಳುವುದಿಲ್ಲ. ಎರಡು ಹೆಜ್ಜೆ ಹೋಗಿಯೂ ಬಿಟ್ಟೆ. ಆಗ ಆ ಸುಟ್ಟ ತೋಳು ಕಣ್ಣಮುಂದೆ ಬಂತು, ತಿರುಗಿ ಬಂದು ಮಂಡಿಯೂರಿದೆ. ಮೂಟೆ ಥರ ಅಲ್ಲ, ಮಗು ಥರ ಆಕೆಯನ್ನು ಪಕ್ಕಕ್ಕೆ ಹೊರಳಿಸಿದೆ. ಎಂಜಲು ಕೈಗೆ ತಾಕಿತು. ಬೆಚ್ಚಗಿತ್ತು, ಅಷ್ಟೇ. ನಸಿಲೆಲೆ ಕೂತುಕೊಂಡು ಪ್ರಾರ್ಥಿಸಿದಳು, ಗಿರಣಿಯ ತಗಡು ಅದುರುವ ಹಾಗೆ. ಕಚೇರಿಯಿಂದ ಕಸೊಂಡೆ ಓಡಿ ಬಂದರು. ಈ ಸಲ ನಮ್ಮ ಕಡೆಗೆ. ಭಾನುವಾರಕ್ಕೆಂದು ಹೊಲಿಸಿದ್ದ ಕೋಟನ್ನು ಮಡಚಿ ಆಕೆಯ ತಲೆಯಡಿ ಇಟ್ಟು, ಗಡಿಯಾರ ಬಿಚ್ಚಿ ಅಂಗೈಯಲ್ಲಿ ಹಿಡಿದರು. ಎರಡೂವರೆ ನಿಮಿಷ. ಅಷ್ಟು ಉದ್ದದ ಎರಡೂವರೆ ನಿಮಿಷವನ್ನು ನಾನು ಯಾವತ್ತೂ ಕಂಡಿಲ್ಲ.

ಕಾಗದ ಅವತ್ತೇ ಹರಿಯಿತು. ಈಗ ಬೇರೆ ಗಿರಣಿಯವರು, ಹೋಟೆಲಿನವರು, ಒಮ್ಮೆ ಲುಸಾಕಾದ ಬಸ್ ಕಂಪನಿಯವರೂ ತಮ್ಮ ಕೆಲಸಗಾರರಿಗೆ ಬುದ್ಧಿ ಹೇಳಲೆಂದು ಡೈನೆಸ್‌ಳನ್ನು ಕರೆಸುತ್ತಾರೆ. ಆಕೆ ಕಪ್ಪು ಬಟ್ಟೆ ಕಟ್ಟಿಕೊಂಡು ಹೋಗಿ, ತನ್ನ ಸಾವಿಗೆ ತಾನೇ ಅತ್ತು, ಅಲ್ಲಿನ ದೊಡ್ಡವರನ್ನು ನೆಲದ ಮೇಲೆ ಮಲಗಿಸಿ, ಎಲ್ಲರನ್ನೂ ನಗಿಸಿ ಬರುತ್ತಾಳೆ. ನಾನು ಮೂಟೆ ಹತ್ತಿದ್ದನ್ನು ದೇಶಕ್ಕೆಲ್ಲ ಸಾರಿದ್ದಾಳೆ. ಸಾರಲಿ. ಆದರೆ ಒಂದು ಸಂಗತಿಯನ್ನು ಆಕೆ ಎಲ್ಲಿಯೂ ಹೇಳುವುದಿಲ್ಲ. ಅದನ್ನು ನಾನೇ ಹೇಳಬೇಕು.

ಅವತ್ತು ಅದುರುವುದು ನಿಂತ ಮೇಲೆ ಆಕೆ ನಿಧಾನವಾಗಿ ಕಣ್ಣು ಬಿಟ್ಟಳು. ನಾವು ಸುತ್ತ ಕೂತಿದ್ದೆವು. ಏಳುತ್ತಲೇ ಏನಾದರೂ ಚುಚ್ಚುತ್ತಾಳೆಂದು ಕಾಯುತ್ತಿದ್ದೆವು. ಕಸೊಂಡೆಯವರೂ ತಿರುಗೇಟಿಗೆ ಒಂದು ಮಾತು ಹೊಂಚಿಟ್ಟುಕೊಂಡಿದ್ದರು. ಡೈನೆಸ್ ನನ್ನ ಮುಖ ನೋಡಿದಳು, ನಸಿಲೆಲೆಯ ಮುಖ ನೋಡಿದಳು, ಕಸೊಂಡೆಯವರದನ್ನು ನೋಡಿದಳು, ಮತ್ತೆ ಮೊದಲಿಂದ ಒಂದೊಂದಾಗಿ ನೋಡಿದಳು.

"ಎಲ್ಲಾ ಇಲ್ಲೇ ಇದ್ದೀರಾ?"

"ಇಲ್ಲೇ ಇದ್ದೀವಕ್ಕಾ," ಅಂದೆ.

"ಏಳನೇ ವಯಸ್ಸಿಂದ ಬೀಳ್ತಿದ್ದೀನಿ," ಅಂದಳು. "ಕಣ್ಣು ಬಿಟ್ಟಾಗ ಜನ ಕಂಡಿದ್ದು ಇವತ್ತೇ ಮೊದಲು."

ಹಾಗಂದವಳೇ ಕಸೊಂಡೆಯವರ ಕೋಟಿನಲ್ಲಿ ಮುಖ ಹುದುಗಿಸಿ ಅಳತೊಡಗಿದಳು. ಬಾಗಿಲಲ್ಲಿ ಕೂತು ಅತ್ತ ಆಟದ ಅಳುವಲ್ಲ ಅದು. ಕಸೊಂಡೆ ನನ್ನನ್ನು ನೋಡಿದರು, ನಾನು ನಸಿಲೆಲೆಯನ್ನು ನೋಡಿದೆ. ಬಿದ್ದರೆ ಏನು ಮಾಡಬೇಕೆಂದು ಆಕೆ ನಮಗೆ ತಿಂಗಳಿಡೀ ಹೇಳಿಕೊಟ್ಟಿದ್ದಳು. ಅತ್ತರೆ ಏನು ಮಾಡಬೇಕೆಂದು ಹೇಳಿಕೊಟ್ಟಿರಲಿಲ್ಲ. ಏನೂ ತೋಚದೆ ಹಾಗೇ ಪಕ್ಕದಲ್ಲಿ ಕೂತೆವು.