ಹೊಂಗೆಯ ಹಿಂದೆ ಬಂದ ಶೇಂಗಾ

ಮಂಡಕ್ಕಿಗೆ ಒಗ್ಗರಣೆ ಹಾಕುವ ಮೊದಲು ಎಣ್ಣೆಯ ಒಂದು ಹನಿಯನ್ನು ನಾಲಿಗೆಗೆ ಮುಟ್ಟಿಸಿಕೊಳ್ಳುವುದು ನನಗೆ ಈಗಲೂ ರೂಢಿ. ಈಗ ಮನೆಗೆ ಬರುವುದು ಅಂಗಡಿಯ ಪ್ಯಾಕೆಟ್ ಎಣ್ಣೆ. ಅದರಲ್ಲಿ ಕಹಿ ಹಾಗಿರಲಿ, ರುಚಿಯೇ ಇರುವುದಿಲ್ಲ.

ಜವನಗೊಂಡನಹಳ್ಳಿಯ ನಮ್ಮ ಹೊಲದಲ್ಲಿ, ಬಾವಿಯ ಪಕ್ಕಕ್ಕೆ, ಅತ್ತೆ ಮದುವೆಯಾಗಿ ಬಂದ ವರ್ಷ ನೆಟ್ಟ ಹೊಂಗೆಮರವಿದೆ. ಬುತ್ತಿ ಬಿಚ್ಚುವುದು, ಹೂ ಕಟ್ಟುವುದು, ಯಾರ ಮೇಲಾದರೂ ಮುನಿಸಿಕೊಂಡು ಕೂರುವುದು, ಎಲ್ಲವೂ ಅವರಿಗೆ ಅದರಡಿಯೇ. ಆದರೆ ಅದರ ನೆರಳು ಬಿದ್ದಲ್ಲಿ ಸೇವಂತಿಗೆ ಏಳುತ್ತಿರಲಿಲ್ಲ. ಹೂವಿನ ತೋಟ ನೋಡಿಕೊಳ್ಳುತ್ತಿದ್ದ ಮೈದುನನಿಗೆ ಅದೇ ಸಂಕಟ.

“ಕಡಿಸ್ಬಿಡಾಣ ಅವ್ವ. ಏನು ಕೊಡ್ತೈತೆ ಅದು, ಕಸ ಬಿಟ್ರೆ?”

ಆ ಬೇಸಿಗೆಯಲ್ಲೇ ಯಾರೋ ಊರಿಗೆ ಬಂದು, ನಮ್ಮ ಬಾವಿಯ ನೀರೆತ್ತುತ್ತಿದ್ದಂಥದೇ ಡೀಸೆಲ್ ಇಂಜಿನ್ ಒಂದನ್ನು ಹೊಂಗೆ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದರು. ಅತ್ತೆ ಗುಂಪಿನ ಹಿಂದೆ ನಿಂತು, ಸೆರಗಿನ ತುದಿ ಕಚ್ಚಿಕೊಂಡು ನೋಡಿದ್ದರು. ಮನೆಗೆ ಬಂದವರೇ ಕಿರಿಮಗನನ್ನು ಕೇಳಿದರು:

“ನಮ್ ಮರದ ಬೀಜದಾಗೇ ನಮ್ ಇಂಜಿನ್ನು ಓಡಿದ್ರೆ ಮರ ಬಿಡ್ತೀಯೇನಪ್ಪ?”

“ಓಡ್ಲಿ, ಬಿಡ್ತೀನಿ. ಓಡ್ದಿದ್ರೆ ಕೊಡ್ಲಿ ತರ್ತೀನಿ.”

ಒಣಗಿ ಉದುರಿದ ಕಾಯಿಗಳನ್ನು ನಾನೂ ಅತ್ತೆಯೂ ಗುಡಿಸಿ ತಂದು ಕಲ್ಲಿನ ಮೇಲಿಟ್ಟು ಬಡಿದೆವು. ಬೀಜ ಕೆಂಚಗೆ, ಚಪ್ಪಟೆಗೆ, ಕೈಗೆ ನುಣುಪು. ಅದರ ಕಮಟು ವಾಸನೆ ಮಾತ್ರ ಸೋಪಿಗೂ ಜಗ್ಗದೆ ನನ್ನ ಜಡೆಗೂ ಹತ್ತಿತು.

ಹಿರಿಯೂರಿನ ಎಣ್ಣೆ ಮಿಲ್ಲಿನವನು ಚೀಲದ ಬಾಯಿ ಬಿಚ್ಚಿ ನೋಡಿದವನೇ ಮುಖ ತಿರುಗಿಸಿದ.

“ಹೊಂಗೆ ಬ್ಯಾಡ್ರಿ ಅಮ್ಮ. ಮಷಿನ್‌ನಾಗೆ ಕಹಿ ಉಳೀತೈತೆ. ಇದರ ಹಿಂದೆ ಶೇಂಗಾ ಹಾಕ್ಸೋರು ನನ್ನ ಸುಮ್ನೆ ಬಿಡ್ತಾರಾ?”

“ಹಿಂದೆ ನಮ್ದೇ ಶೇಂಗಾ ಹಾಕ್ರಿ. ಕಹಿ ಬಂದ್ರೆ ನಾವೇ ಉಣ್ತೀವಿ,” ಎಂದರು ಅತ್ತೆ.

ವರ್ಷದ ಅಡುಗೆಗೆಂದು ಎತ್ತಿಟ್ಟಿದ್ದ ಶೇಂಗಾ ಅದು. ಮಿಲ್ಲಿನವನು ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿದೆ.

ಇಂಜಿನ್ ಓಡಿಸುವ ದಿನ ನನ್ನವರು ಮೊದಲು ಡೀಸೆಲ್ಲಿನಲ್ಲೇ ಶುರು ಮಾಡಿದರು. ಅದು ಬಿಸಿಯಾದ ಮೇಲೆ, ಬಟ್ಟೆಯಲ್ಲಿ ಸೋಸಿಟ್ಟಿದ್ದ ಹೊಂಗೆ ಎಣ್ಣೆಯ ಕಡೆಗೆ ನಲ್ಲಿ ತಿರುಗಿಸಿದರು. ಇಂಜಿನ್ ಕೆಮ್ಮಿತು. ಮತ್ತೆ ಕೆಮ್ಮಿತು. ಅತ್ತೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬಳೆಯೊಂದು ಚಟ್ಟನೆ ಒಡೆಯಿತು. ಆಮೇಲೆ ಸದ್ದು ಒಂದೇ ಸಮನಾಯಿತು. ಎಲ್ಲೋ ಬಜ್ಜಿ ಕರಿದಂಥ ಹೊಗೆ ಎದ್ದು, ಪೈಪಿನ ಬಾಯಿಂದ ನೀರು ಧುಮುಕಿ ಸೇವಂತಿಗೆ ಸಾಲಿಗೆ ಹರಿಯಿತು. ಮೈದುನ ಆ ನೀರಲ್ಲಿ ಕಾಲು ತೊಳೆದುಕೊಂಡು ಹೋಗಿ ಹೊಂಗೆಯ ಕೆಳಗೆ ಕೂತ.

ಶೇಂಗಾ ಎಣ್ಣೆಯಲ್ಲಿ ಮೊದಲು ಇಳಿದದ್ದನ್ನು ದೀಪಕ್ಕೆ ತೆಗೆದಿಟ್ಟೆವು. ಆದರೂ ಉಳಿದದ್ದರಲ್ಲಿ ನಾಲಿಗೆಯ ಹಿಂತುದಿಗೆ ತಾಕುವಷ್ಟು ಕಹಿಯಿತ್ತು. ತಟ್ಟೆಗೆ ಬಂದದ್ದನ್ನು ಮುಖ ಕಿವುಚದೆ ತಿನ್ನಬೇಕೆಂದು ನನ್ನ ಕಾನ್ವೆಂಟ್ ಶಾಲೆಯ ಸಿಸ್ಟರ್‌ಗಳು ಕಲಿಸಿದ್ದರು. ಆ ಪಾಠ ನನಗೆ ಅಷ್ಟು ಉಪಯೋಗಕ್ಕೆ ಬಂದದ್ದು ಅವತ್ತಿನ ಮಂಡಕ್ಕಿಯ ಮುಂದೆಯೇ. ಮೈದುನನಿಗೆ ಯಾವ ಸಿಸ್ಟರೂ ಪಾಠ ಹೇಳಿರಲಿಲ್ಲ.

“ಅತ್ಗೆ, ಏನ್ರಿ ಇದು, ಬೇವಿನ ಸೊಪ್ಪು ಅರೆದು ಹಾಕೀರಾ?”

“ಲೇ, ಇಂಜಿನ್ನು ತಕರಾರಿಲ್ದೆ ಕುಡೀತು. ನಿಂದೇನೋ?” ಎಂದರು ಅತ್ತೆ, ತಮ್ಮ ತಟ್ಟೆಯಿಂದ ತಲೆ ಎತ್ತದೆ.

ಅವನು ತಟ್ಟೆ ಮುಂದಕ್ಕೆ ಸರಿಸಿದ. “ಹಾಕ್ರಿ ಇನ್ನೊಂದಿಷ್ಟು. ಸೋತೋನು ಉಣ್ಲೇಬೇಕಲ್ಲ.”

ಅತ್ತೆ ನಕ್ಕರು. ಅಷ್ಟು ನಗುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಈಗ ಅತ್ತೆ ಇಲ್ಲ. ಮರವಿದೆ. ಅದರ ನೆರಳಿನಲ್ಲಿ ಸೇವಂತಿಗೆ ಇವತ್ತಿಗೂ ಏಳುವುದಿಲ್ಲ. ಅಷ್ಟು ಜಾಗ ಬಿಟ್ಟೇ ಮೈದುನ ಸಾಲು ಹೊಡೆಯುತ್ತಾನೆ.